ನಮ್ಮ ಮನೆಯವರ ಎರಡನೆಯ ಗಂಟಲು

ನಮ್ಮ ಮನೆಯವರ ಮೊದಲನೆಯ ಗಂಟಲನ್ನು ಡಾಕ್ಟರು ಕತ್ತರಿಸಿ ತೆಗೆದರು. ಎರಡನೆಯದನ್ನು ಪೀಣ್ಯದ ಒಂದು ಶೆಡ್ಡಿನಲ್ಲಿ ಮಾಡಿಕೊಟ್ಟರು. ಆ ಶೆಡ್ಡಿನಲ್ಲೇ ನಾನು ಕೆಲಸ ಮಾಡುತ್ತೇನೆ. ಯಂತ್ರದೊಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಬೇಕಾದ ಬಿಡಿಭಾಗಗಳನ್ನು ತರಿಸುವುದು, ಬಾರದಿದ್ದರೆ ಫೋನಿನಲ್ಲಿ ಜಗಳ ಕಾಯುವುದು ನನ್ನ ಕೆಲಸ. ಜಗಳ ನನಗೆ ಕಷ್ಟವೇನಲ್ಲ. ದಾವಣಗೆರೆಯಲ್ಲಿ ತುಂಬಿದ ಮನೆಯಲ್ಲಿ ಬೆಳೆದವಳು ನಾನು. ಅಲ್ಲಿ ನಾಲ್ಕು ಜನರ ದನಿ ಮೀರಿಸಿ ಮಾತಾಡದಿದ್ದರೆ ತಟ್ಟೆಗೆ ರೊಟ್ಟಿ ಬೀಳುತ್ತಿರಲಿಲ್ಲ. ಮದುವೆಯಾದವರೂ ಅಂಥವರೇ ಸಿಕ್ಕರು. ಇನ್ಶೂರೆನ್ಸ್ ಏಜೆಂಟು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ನೀವು ನಾಳೆ ಸತ್ತರೆ ಏನು ಗತಿ ಎಂದು ಕೇಳಿ, ನಗಿಸಿ, ಸಹಿ ಹಾಕಿಸಿಕೊಳ್ಳುವ ಮನುಷ್ಯ. ಬಾಯಲ್ಲಿ ಯಾವಾಗಲೂ ಎಲೆ, ಅಡಿಕೆ, ತಂಬಾಕು. ಕೊನೆಗೆ ಆ ತಂಬಾಕೇ ಗಂಟಲನ್ನು ತಿಂದಿತು.

ಎರಡನೆಯ ಗಂಟಲು ನೋಡಲು ಸಣ್ಣದೊಂದು ಟಾರ್ಚಿನ ಹಾಗಿದೆ. ಅದರ ತುದಿಯನ್ನು ದವಡೆಯ ಕೆಳಗೆ ಒತ್ತಿ ಹಿಡಿದರೆ ಗುಂಯ್ ಎನ್ನುತ್ತದೆ. ಆ ಸದ್ದನ್ನೇ ನಾಲಿಗೆ, ತುಟಿ ಸೇರಿ ಮಾತು ಮಾಡುತ್ತವೆ. ಇಂಥ ಯಂತ್ರ ಬೇರೆ ಕಡೆಯೂ ಸಿಗುತ್ತದೆ, ಆದರೆ ನಾನು ಕಂಡವೆಲ್ಲ ಒಂದೇ ಸಮನೆ ಗುಂಯ್ ಎನ್ನುವಂಥವು. ಏರಿಲ್ಲ, ಇಳಿತವಿಲ್ಲ. ಆ ದನಿಯಲ್ಲಿ “ಬಂದೆಯಾ” ಎಂದರೆ ಅದು ಪ್ರಶ್ನೆಯೋ, ಪ್ರೀತಿಯೋ, ತಡವಾಯಿತೆಂಬ ಸಿಟ್ಟೋ ಯಾವ ದೇವರಿಗೆ ಗೊತ್ತಾಗಬೇಕು? ನಮ್ಮ ಶೆಡ್ಡಿನ ಯಂತ್ರದಲ್ಲಿ ಹೆಬ್ಬೆರಳಿನ ಕೆಳಗೆ ಒಂದು ಗುಂಡಿ ಇದೆ. ಗಟ್ಟಿಯಾಗಿ ಒತ್ತಿದರೆ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಗುಂಡಿಯ ಕೆಳಗೆ ಹೆಸರುಬೇಳೆಯಷ್ಟು ಸಣ್ಣ ಸೆನ್ಸರ್ ಇದ್ದು, ಬೆರಳು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಅದು ಅಳೆಯುತ್ತದೆ. ಹೊಳೆಯುವ ಮುಖ, ನಡುವೆ ಸೂಜಿ ಮೊನೆಯಷ್ಟು ತೂತು. ಬೋರ್ಡು ಜೋಡಿಸುವ ಹುಡುಗಿಯರು ಅದನ್ನು ಮೂಗುಬೊಟ್ಟು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅದರ ನಿಜವಾದ ನಂಬರು ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ, ಆದರೆ ಈಗ ಆ ನಂಬರು ಹೇಳಿದರೆ ಜಗತ್ತಿನಲ್ಲಿ ಯಾರೂ ಹೂಂ ಎನ್ನುವುದಿಲ್ಲ.

ಮೊದಲ ಸಲ ಅವರನ್ನು ಆ ಶೆಡ್ಡಿಗೆ ಕರೆದುಕೊಂಡು ಹೋದಾಗ ಅವರು ಮಾತಾಡಿ ತಿಂಗಳುಗಳೇ ಆಗಿದ್ದವು. ಮನೆಯಲ್ಲಿ ಸ್ಲೇಟು ಹಿಡಿದು ಬರೆಯುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಇದ್ದರೆ ಸ್ಲೇಟಿನ ಮೇಲೆ ಬಳಪ ಬಡಿದು ಕರೆಯುತ್ತಿದ್ದರು. ನನಗೆ ಆ ಟಕಟಕ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು; ಅವರ ಮೇಲಲ್ಲ, ಯಾರ ಮೇಲೋ. ಶೆಡ್ಡಿನ ಯಜಮಾನರನ್ನು ಎಲ್ಲರೂ ಸಾರ್ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯಲ್ಲಿದ್ದವರು, ಬಿಟ್ಟು ಬಂದು ಈ ಯಂತ್ರವನ್ನು ತಾವೇ ಕೂತು ಮಾಡಿದವರು. ಅವರು ನಮ್ಮ ಮನೆಯವರ ಕೈಗೆ ಯಂತ್ರ ಕೊಟ್ಟು, “ನಿಧಾನಕ್ಕೆ ಒತ್ತಿ ಸಾರ್” ಎಂದರು. ಇವರಿಗೆಲ್ಲಿಯ ನಿಧಾನ! ಬಲವಾಗಿ ಅದುಮಿ, ನನ್ನ ಕಡೆ ತಿರುಗಿ, “ಏನಲೇ!” ಎಂದರು. ಅದು ಶೆಡ್ಡಿನ ತಗಡು ಹಾರುವ ಹಾಗೆ ಕೀರಲಾಗಿ ಬಂತು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಇವರೂ ನಕ್ಕರು, ಮತ್ತೆ ಒತ್ತಿದರು, ಈ ಸಲ ಮೆಲ್ಲಗೆ, “ಏನಲೇ” ಎಂದರು. ನಾನು ಅತ್ತುಬಿಟ್ಟೆ. ಜನರ ಮುಂದೆ ಅಳುವವಳಲ್ಲ ನಾನು, ಅವತ್ತು ಅತ್ತೆ.

ಅವರ ಶುಶ್ರೂಷೆಗೆಂದು ನಾನು ವೈಟ್‌ಫೀಲ್ಡಿನ ಕಂಪನಿಯ ಪರ್ಚೇಸ್ ಕೆಲಸ ಬಿಟ್ಟಿದ್ದೆ. ಮುಂದೆ ಸಾರ್‌ಗೆ ಪರ್ಚೇಸಿಗೆ ಜನ ಬೇಕಾದಾಗ ನನ್ನನ್ನೇ ಕೇಳಿದರು. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯಕ್ಕೆ ಇಳಿಯುವುದೆಂದರೆ ಊರಿನ ಈ ತುದಿಯಿಂದ ಆ ತುದಿ. ಗೆಳತಿಯರು ಹುಚ್ಚು ಹಿಡಿದಿದೆಯಾ ಎಂದರು. ನನ್ನ ಗಂಡನ ಮಾತು ತಯಾರಾಗುವ ಜಾಗದಲ್ಲಿ ನಾನಿರಬೇಕು ಎನಿಸಿತು, ಅಷ್ಟೇ.

ಹೀಗಿರುವಾಗ ಒಂದು ದಿನ ಮೇಲ್ ಬಂತು. ಮೂಗುಬೊಟ್ಟು ಮಾಡುವ ವಿದೇಶಿ ಕಂಪನಿಯವರು ಅದರ ತಯಾರಿಕೆ ನಿಲ್ಲಿಸುತ್ತಿದ್ದಾರಂತೆ, ಬೇಕಾದವರು ಇಂಥ ದಿನದೊಳಗೆ ಕೊನೆಯ ಆರ್ಡರ್ ಹಾಕಬೇಕಂತೆ, ಆಮೇಲೆ ಕೇಳಿದರೆ ಇಲ್ಲವಂತೆ. ನಮ್ಮ ಕಸುಬಿನಲ್ಲಿ ಇದು ಸಾವಿನ ಸುದ್ದಿ. ಆದರೆ ಸಾವಿನ ಮನೆಯವರು ಯಾರೂ ಕೊನೆಯಲ್ಲಿ “ನಿಮ್ಮ ನಿರಂತರ ಸಹಕಾರಕ್ಕೆ ಧನ್ಯವಾದ” ಎಂದು ಬರೆಯುವುದಿಲ್ಲ. ಮೈ ಉರಿದು, ಆ ಕಂಪನಿಯ ಮಾಲು ತರಿಸಿಕೊಡುವ ಏಜೆನ್ಸಿಯ ಹುಡುಗನಿಗೆ ಫೋನ್ ಮಾಡಿದೆ.

“ಮೇಡಂ, ಆ ಪಾರ್ಟ್ ಎಂಡ್ ಆಫ್ ಲೈಫ್ ಆಗ್ಬಿಟ್ಟಿದೆ ಮೇಡಂ. ನಾವೇನೂ ಮಾಡಕ್ಕಾಗಲ್ಲ. ಆಲ್ಟರ್ನೇಟ್ ನೋಡ್ಕೊಳ್ಳಿ” ಎಂದ.

“ಆಲ್ಟರ್ನೇಟ್ ಇದ್ದಿದ್ರೆ ನಿನ್ ಹತ್ರ ಯಾಕಪ್ಪಾ ತಲೆ ಚಚ್ಕೊಳ್ತಿದ್ದೆ?” ಎಂದೆ.

ಪಾಪ, ಅವನ ತಪ್ಪೇನಿದೆ? ಆ ಸೆನ್ಸರ್ ಮಾಡಿದ್ದು ನಮಗೋಸ್ಕರ ಅಲ್ಲವೇ ಅಲ್ಲ. ಯಾವುದೋ ಫೋನಿಗೋ, ಕೈಗಡಿಯಾರಕ್ಕೋ ಮಾಡಿದ್ದು. ಜನ ಅವನ್ನು ಎರಡು ವರ್ಷಕ್ಕೆ ಬಿಸಾಡಿ ಹೊಸದು ಕೊಳ್ಳುತ್ತಾರೆ, ಹೊಸದಕ್ಕೆ ಹೊಸ ಸೆನ್ಸರ್ ಬರುತ್ತದೆ, ಹಳೆಯದು ನಿಲ್ಲುತ್ತದೆ. ನಮ್ಮ ಯಂತ್ರ ಮಾತ್ರ ಮನುಷ್ಯ ಬದುಕಿರುವಷ್ಟು ಕಾಲ ಬದುಕಬೇಕು. ಅದರೊಳಗೆ ಮೂಗುಬೊಟ್ಟೇ ಬೇಗ ಸವೆಯುವ ಭಾಗ. ಕತ್ತಿನ ಬೆವರು, ಉಸಿರಿನ ತೇವ, ಕಫ ಎಲ್ಲ ಸೇರಿ ಕೆಲವು ವರ್ಷಕ್ಕೆ ಅದರ ತೂತು ಕಟ್ಟಿ ಸೆನ್ಸರ್ ಮಂಕಾಗುತ್ತದೆ, ಬೋರ್ಡು ಬದಲಿಸಬೇಕು. ಬದಲಿಸಲು ಮೂಗುಬೊಟ್ಟು ಇರಬೇಕು. ನಮ್ಮ ಹತ್ತು ವರ್ಷದ ಬೇಡಿಕೆಯೆಂದರೆ ಆ ಕಂಪನಿಗೆ ಒಂದು ಬೆಳಗಿನ ಕೆಲಸವೂ ಅಲ್ಲ. ಪೀಣ್ಯದ ಶೆಡ್ಡಿಗಾಗಿ ಯಾರು ಕಾರ್ಖಾನೆ ನಡೆಸುತ್ತಾರೆ?

ಸಾರ್ ಬೇರೆ ಸೆನ್ಸರ್ ಹಾಕಿ ನೋಡಿದರು. ದಪ್ಪದ್ದು ಗುಂಡಿಯ ಕೆಳಗೆ ಕೂರಲಿಲ್ಲ. ತೆಳ್ಳಗಿನದು ಬೆರಳಿನ ಮಾತು ಕೇಳಲಿಲ್ಲ. ಹೊಸದಾಗಿ ಎಲ್ಲ ಮಾಡಬೇಕೆಂದರೆ ಹೊಸ ಅಚ್ಚು, ಹೊಸ ಪರೀಕ್ಷೆ, ಮತ್ತೆ ಸರಕಾರದ ಒಪ್ಪಿಗೆ. ಅದಕ್ಕೆ ವರ್ಷಗಳು ಬೇಕು. ಕೊನೆಗೆ ಕೈಯಲ್ಲಿದ್ದುದನ್ನೆಲ್ಲ ಸುರಿದು, ಹತ್ತು ವರ್ಷಕ್ಕೆ ಸಾಕಾಗುವಷ್ಟು ಮೂಗುಬೊಟ್ಟನ್ನು ಒಟ್ಟಿಗೇ ತರಿಸಿದರು. ಬೆಳ್ಳಿ ಬಣ್ಣದ ಚೀಲಗಳು, ಒಳಗಿನ ಗಾಳಿಯನ್ನೆಲ್ಲ ಹೀರಿ ಸೀಲ್ ಮಾಡಿದ್ದವು. ಮೂಗುಬೊಟ್ಟುಗಳನ್ನು ಸಾಲಾಗಿ ಕೂರಿಸಿದ ಪಟ್ಟಿಯ ಸುರುಳಿಗೆ ಚೀಲ ಬಿಗಿಯಾಗಿ ಅಂಟಿಕೊಂಡಿತ್ತು. ತೇವ ತಾಗಬಾರದು, ಗಾಳಿ ತಾಗಬಾರದು, ಬೇಕಾದಾಗ ಮಾತ್ರ ಒಡೆಯಬೇಕು. ಹಾಗೇ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅವನ್ನು ಸ್ಟೋರಿನ ಬೀರುವಿನಲ್ಲಿ ಜೋಡಿಸುವಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಗೆ ಹೋಗಿ, “ಇನ್ನು ಹತ್ತು ವರ್ಷ ನನ್ನ ಬೈಕೊಂಡಿರಬಹುದು ನೀವು” ಎಂದೆ. “ಹತ್ತೇನಾ? ಸಾಕಾಗಂಗಿಲ್ಲ ಬಿಡು” ಎಂದರು. “ಬಿಡು” ಎಂಬಲ್ಲಿ ದನಿಯನ್ನು ಬೇಕೆಂದೇ ಮೇಲಕ್ಕೆ ಎಳೆದರು.

ಚೀಲಗಳು ಬಂದ ದಿನವೇ ಶೆಡ್ಡಿಗೆ ಓನರಜ್ಜಿಯೂ ಬಂದಿದ್ದಳು. ನಮ್ಮ ಶೆಡ್ಡು, ಪಕ್ಕದ ಲೇತ್ ಮಿಷನ್ನಿನ ಶೆಡ್ಡು, ಅದರಾಚೆಯ ಪೇಂಟಿಂಗ್ ಶೆಡ್ಡು, ಎಲ್ಲವೂ ಇರುವುದು ಆಕೆಯ ಮನೆತನದ ಹೊಲದಲ್ಲಿ. ರಾಗಿ ಬೆಳೆಯುತ್ತಿದ್ದ ನೆಲವಂತೆ. ಬಾಡಿಗೆ ಎತ್ತುವುದು ಮಗನ ಕೆಲಸ. ಅಜ್ಜಿ ಬರುವುದು ಸುಮ್ಮನೆ, ತನ್ನ ನೆಲದಲ್ಲಿ ಯಾರ್‍ಯಾರು ಏನೇನು ಮಾಡುತ್ತಿದ್ದಾರೆ ನೋಡಲು. ಕಣ್ಣಿಗೆ ಪೊರೆ ಬಂದು ಮಂಜಾಗಿದ್ದರೂ ಆಪರೇಷನ್ ಎಂದರೆ ಮಾರು ದೂರ ಓಡುತ್ತಾಳೆ. ದನಿ ಕೇಳಿಯೇ ಜನರನ್ನು ಗುರುತು ಹಿಡಿಯುತ್ತಾಳೆ. ನಮ್ಮ ಮನೆಯವರೆಂದರೆ ಆಕೆಗೆ ಪ್ರಾಣ. ಯಂತ್ರ ತೋರಿಸಲು ಇವರು ಬಂದಾಗೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಇವರು ಅಜ್ಜಿಯ ಹಾಗೇ ಹಕಾರ ನುಂಗಿ ಅಣಕಿಸುವುದು, ಆಕೆ ಬಿದ್ದು ಬಿದ್ದು ನಗುವುದು. ಅವತ್ತು ಸಾರ್ ಹೆಮ್ಮೆಯಿಂದ ಆಕೆಯ ಕೈ ಹಿಡಿದು ಚೀಲ ಮುಟ್ಟಿಸಿ, “ಅಜ್ಜಿ, ನಿಮ್ ಸ್ನೇಹಿತರ ಹತ್ತು ವರ್ಷದ ಮಾತು ಇದ್ರೊಳಗಿದೆ” ಎಂದರು. ಅಜ್ಜಿ ಎರಡೂ ಕೈಯಿಂದ ಚೀಲ ಸವರಿ ಕಣ್ಣಿಗೊತ್ತಿಕೊಂಡಳು.

ಆ ವರ್ಷದ ಆಯುಧಪೂಜೆಗೆ ನಾನಿರಲಿಲ್ಲ. ಇವರಿಗೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದೆ. ಪೀಣ್ಯದಲ್ಲಿ ಆಯುಧಪೂಜೆಯೆಂದರೆ ಹೇಳಬೇಕಾಗಿಲ್ಲ. ಗೇಟುಗೇಟಿಗೆ ಬಾಳೆಕಂದು, ಲೇತಿಗೆ, ಡ್ರಿಲ್ಲಿಗೆ, ಫೋರ್ಕ್‌ಲಿಫ್ಟಿಗೆ ಹಾರ, ರಸ್ತೆ ತುಂಬ ಒಡೆದ ಬೂದುಗುಂಬಳ, ಕಾಲಿಟ್ಟಲ್ಲೆಲ್ಲ ಕುಂಕುಮದ ನೀರು. ನಮ್ಮಲ್ಲಿಯೂ ಸೋಲ್ಡರಿಂಗ್ ಕಡ್ಡಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ಅಜ್ಜಿಯೇ ಪ್ರತಿ ಶೆಡ್ಡಿಗೂ ಬಂದು ಮೊದಲ ಹೂವು ಏರಿಸುವುದು ಪದ್ಧತಿ. ಹುಡುಗಿಯರು ಆಸ್ಪತ್ರೆಗೆ ಕಡ್ಲೆಪುರಿ, ಬೂಂದಿ ಕಳಿಸಿದ್ದರು. ಇವರು ಹಾಸಿಗೆಯಲ್ಲೇ ಕೂತು ತಿಂದರು.

ಅಲ್ಲಿಂದಾಚೆಗೆ ಒಂದಿಡೀ ಮಳೆಗಾಲವೂ ಇನ್ನೊಂದು ಆಯುಧಪೂಜೆಯೂ ಕಳೆದವು. ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಮೂಗುಬೊಟ್ಟುಗಳು ಮೊದಲೇ ಹೆಸರು ಬರೆಸಿದ್ದ ಬೇರೆಯವರ ಯಂತ್ರಕ್ಕೆ ಹೋಗುತ್ತಿದ್ದವು, ಹಾಗಾಗಿ ಬೆಳ್ಳಿ ಚೀಲಗಳನ್ನು ಒಡೆಯುವ ಪ್ರಮೇಯ ಬರಲಿಲ್ಲ. ಈ ನಡುವೆ ನಮ್ಮ ಮನೆಯವರ ಗುಂಡಿ ಮಂಕಾಗತೊಡಗಿತು. ಒತ್ತಿದರೂ ದನಿ ಅರ್ಧಕ್ಕೆ ಏರಿ ನಿಲ್ಲುತ್ತಿತ್ತು. ಸಿಟ್ಟು ಅರ್ಧ, ತಮಾಷೆ ಅರ್ಧ. ನನ್ನನ್ನು ರೇಗಿಸಲು ಏನೋ ಹೇಳಿ, ನಾನು ನಗದಿದ್ದರೆ, “ತಮಾಷೆ ಕಣೆ” ಎಂದು ಕೊನೆಗೆ ಸೇರಿಸುತ್ತಿದ್ದರು. ತಮಾಷೆಯನ್ನು ತಮಾಷೆ ಎಂದು ಹೇಳಿ ತಿಳಿಸಬೇಕಾದ ಗತಿ ಬಂತಲ್ಲ ಎಂದುಕೊಳ್ಳುತ್ತಿದ್ದೆ. “ಯಾಕ್ರಿ ಮುಖ ಸಣ್ಣ ಮಾಡ್ತೀರಿ, ಬೀರುವಿನಲ್ಲಿ ಹತ್ತು ವರ್ಷದ್ದು ಕೂತಿದೆ” ಎಂದು ನಾನೇ ಧೈರ್ಯ ಹೇಳಿದೆ.

ಅವರೆಕಾಯಿಯ ಕಾಲ. ಹಳೆಯ ದಾಸ್ತಾನು ಮುಗಿದು, ಹೊಸ ಬೋರ್ಡುಗಳನ್ನು ಮಾಡಬೇಕಾಗಿ ಬಂತು. ಮೊದಲನೆಯದು ಇವರಿಗೇ ಎಂದು ಸಾರ್ ಹೇಳಿದ್ದರು. ಬೀರು ತೆಗೆದು ಒಂದು ಚೀಲ ತಂದು ಮೇಜಿನ ಮೇಲಿಟ್ಟರು. ಕತ್ತರಿ ಕೈಗೆತ್ತಿಕೊಂಡವರು ನಿಂತುಬಿಟ್ಟರು. ಬಿಗಿಯಾಗಿರಬೇಕಾದ ಚೀಲ ಜೋಲಾಡುತ್ತಿತ್ತು. ಅಂಚಿನ ಉದ್ದಕ್ಕೂ ಸೊಟ್ಟಸೊಟ್ಟಗೆ ಅಂಟಿಸಿದ ಪಾರ್ಸೆಲ್ ಟೇಪು. ಅದನ್ನು ಕಿತ್ತಾಗ ಕೊಳೆತ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಸಾರ್ ಒಳಗೆ ಕೈ ಹಾಕಿ ಏನೋ ಕಪ್ಪಗಿನ ಮುದ್ದೆಯನ್ನು ಹೊರಗೆ ತೆಗೆದರು.

“ಮೇಡಂ, ಇದು ಹೂವು” ಎಂದರು.

ಸೇವಂತಿಗೆ. ಒದ್ದೆ ಹೂವನ್ನೇ ಒಳಗಿಟ್ಟು ಟೇಪು ಹಾಕಿದ್ದರು. ಅದು ಒಳಗೇ ಬೆವೆತು, ಕೊಳೆತು, ಬೂಷ್ಟು ಹಿಡಿದಿತ್ತು. ತೇವ ಸೇರಿದರೆ ತಿಳಿಯಲೆಂದು ಕಂಪನಿಯವರು ಒಳಗಿಟ್ಟಿದ್ದ ಕಾರ್ಡಿನ ನೀಲಿ ಚುಕ್ಕೆಗಳೆಲ್ಲ ಗುಲಾಬಿಯಾಗಿದ್ದವು. ಸುರುಳಿಯ ಮೇಲೆ ಅರಿಶಿನ ಕುಂಕುಮದ ಕಲೆ. ನಾನು ಓಡಿಹೋಗಿ ಉಳಿದ ಚೀಲಗಳನ್ನೂ ಎಳೆದು ತಂದೆ. ಎಲ್ಲ ಚೀಲದಲ್ಲೂ ಟೇಪು, ಎಲ್ಲ ಚೀಲದಲ್ಲೂ ಒಂದು ಹೂವು. ಒಂದನ್ನೂ ಬಿಟ್ಟಿರಲಿಲ್ಲ. ಇದನ್ನು ಮಾಡಿದವರ ಕೈ ಸೇದಿಹೋಗಲಿ ಎಂದು ಬಾಯಿಗೆ ಬಂದ ಹಾಗೆ ಬೈದೆ.

ನಾನಿಲ್ಲದ ಆ ಪೂಜೆಯ ದಿನ ಬೂದುಗುಂಬಳ ಒಡೆಯಲು ಎಲ್ಲರೂ ಗೇಟಿಗೆ ಹೋದಾಗ ಸ್ಟೋರಿನಲ್ಲಿ ಉಳಿದವಳು ಅಜ್ಜಿಯೊಬ್ಬಳೇ ಎಂದು ಹುಡುಗಿಯರು ನೆನಪಿಸಿಕೊಂಡು ಹೇಳಿದರು. ನಾನು ಚಪ್ಪಲಿ ಮೆಟ್ಟಿ ನೇರ ಆಕೆಯ ಮನೆಗೆ ಹೋದೆ. ಶೆಡ್ಡುಗಳ ಹಿಂದೆಯೇ ಮನೆ. ಹೋಗುವ ದಾರಿಯಲ್ಲಿ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಮಸೆದುಕೊಂಡಿದ್ದೆ. ಅಜ್ಜಿ ಬಾಗಿಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ದನಿ ಕೇಳಿದ್ದೇ ಮುಖ ಅರಳಿತು. ಬೀರುವಿನಲ್ಲಿದ್ದ ಚೀಲ ಯಾರು ಮುಟ್ಟಿದ್ದು ಅಜ್ಜಿ ಎಂದು ಕೇಳಿದೆ.

“ನಾನೇ ಕಣವ್ವ” ಎಂದಳು, ಸಂತೋಷದಿಂದ. “ನೀನವತ್ತು ಆಸ್ಪತ್ರೇಲಿದ್ಯಲ್ಲ. ಎಲ್ಲಾ ಮಿಷನ್ಗೂ ಊವ ಐತೆ, ನಿನ್ ಗಂಡನ್ ಮಾತಿಗೆ ಮಾತ್ರ ಒಂದ್ ಊವ ಇಲ್ಲ. ಮುಟ್ಟಿ ನೋಡ್ತೀನಿ, ಉಸ್ರು ಕಟ್ಟಂಗೆ ಬಿಗ್ದು ಮಡಗವ್ರೆ. ಅಲ್ಲ ಕಣವ್ವ, ಅಂಗ್ ಮಡಗಿದ್ರೆ ಮಾತು ಎಂಗ್ ಬರ್ತೈತೆ? ಒಸಿ ಗಾಳಿ ಆಡ್ಲಿ ಅಂತ ಕತ್ತರಿಸ್ದೆ. ದೇವ್ರ ಮುಂದ್ಲ ಊವ ಒಂದೊಂದ್ರಾಗೆ ಒಂದೊಂದು ಮಡಗಿ ಟೇಪ್ ಆಕ್ದೆ. ಈ ಸಲದ್ ಪೂಜೇಲಿ ಬೀರಿಗೆ ಬೀಗ ಆಕಿದ್ರು, ಒರಗಿಂದ್ಲೇ ಬೊಟ್ಟಿಟ್ಟೆ. ಈಗ ಎಂಗವ್ನೆ? ಸಂದಾಗಿ ಮಾತಾಡ್ತಾನಾ?”

ನನ್ನ ಕೋಪ ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ಹಾಳು ಮಾಡಲೆಂದು ಮಾಡಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಪ್ರೀತಿಯಿಂದ ಮಾಡಿದ್ದನ್ನು ಏನೆಂದು ಕೇಳುವುದು? ಅಜ್ಜಿ ಒಂದು ಬೊಗಸೆ ಅವರೆಕಾಳನ್ನು ನನ್ನ ಸೆರಗಿಗೆ ಸುರಿದು, ಇವರಿಗೆ ಹಿದುಕಿದ ಬೇಳೆ ಸಾರು ಮಾಡಿಕೊಡಲು ಹೇಳಿದಳು. ನಾನು ಕಟ್ಟಿಕೊಂಡು ಬಂದೆ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಪಕ್ಕದ ಫ್ಲಾಟಿನವರು ಬಾಗಿಲು ತೆಗೆದು ನೋಡಿದರು. ಇವರು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಆಮೇಲೆ ಯಂತ್ರವನ್ನು ದವಡೆಗೆ ಹಿಡಿದರು.

“ಅಜ್ಜಿಗೆ ಹೇಳಬ್ಯಾಡ” ಎಂದರು.

“ಯಾಕ್ ಹೇಳಬಾರದು? ಗೊತ್ತಾಗ್ಲಿ ಆಕೆಗೆ. ಊರಿನ ಎಲ್ಲಾ ಬೀರು ತೆಗೆದು ಹೂವಿಡಾಕೆ ಹೋಗ್ತಾಳಲ್ಲ!”

“ಯಾರೂ ನನ್ನ ಮಾತಿಗೆ ಹೂವಿಟ್ಟಿದ್ದಿಲ್ಲ. ಆ ಮುದುಕಿ ಇಟ್ಟಾಳೆ. ಹೇಳಿ ಏನು ಮಾಡ್ತೀ? ಬಿಡು ಕಣೆ.”

ಹಳೆಯ ಗುಂಡಿಗೆ ಅವತ್ತು ಇನ್ನೂ ಸ್ವಲ್ಪ ಜೀವವಿತ್ತು. “ಕಣೆ” ಎನ್ನುವಾಗ ದನಿ ಮೆಲ್ಲಗೆ ಇಳಿಯಿತು. ಅವರಿಗೆ ನಿಜಕ್ಕೂ ಕೋಪವಿಲ್ಲ ಎಂದು ನನಗೆ ಗೊತ್ತಾಯಿತು. ನನಗಿತ್ತು. ಅವರ ಪಾಲಿನದೂ ನನಗೇ ಬಂದು ಸೇರಿತ್ತು.

ಸಾರ್ ಸೋಲೊಪ್ಪಲಿಲ್ಲ. ಸುರುಳಿಗಳನ್ನು ಸಣ್ಣ ಕಾವಿನ ಓವನ್ನಿನಲ್ಲಿಟ್ಟು ದಿನಗಟ್ಟಲೆ ಒಣಗಿಸಿದರು. ಒಂದೊಂದು ಮೂಗುಬೊಟ್ಟನ್ನೂ ಭೂತಗನ್ನಡಿಯ ಕೆಳಗಿಟ್ಟು ಸ್ಪಿರಿಟ್ಟಿನಲ್ಲಿ ತೊಳೆದರು. ಹೆಚ್ಚಿನವುಗಳ ಲೋಹದ ಕಾಲಿಗೆ ಹಸಿರು ಕಿಲುಬು ಹತ್ತಿತ್ತು. ತೂತಿನೊಳಗೆ ಹೂವಿನ ಕೊಳೆ ಇಳಿದು ಗಟ್ಟಿಯಾಗಿತ್ತು. ಅದನ್ನು ಕೆದಕಿದರೆ ಒಳಗಿನ ಪೊರೆ ಹರಿಯುತ್ತಿತ್ತು. ನಾನು ಆ ಹೊತ್ತಿನಲ್ಲಿ ದಲ್ಲಾಳಿಗಳ ಬೆನ್ನು ಬಿದ್ದೆ. ನಿಂತುಹೋದ ಪಾರ್ಟುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಕೊಡುವ ಜನ ಅವರು. “ಜೆನ್ಯೂನ್ ಪೀಸು ಮೇಡಂ, ನನ್ ಮೇಲೆ ನಂಬಿಕೆ ಇಡಿ” ಎಂದು ಒಬ್ಬ ಮಾದರಿ ಕಳಿಸಿದ. ಮೇಲಿನ ಅಕ್ಷರವನ್ನು ಉಜ್ಜಿ ಹೊಸ ನಂಬರು ಬರೆದಿದ್ದರು. ಒಳಗಿದ್ದುದು ಬೇರೆ ಯಾವುದೋ ಕಸ. ನಂಬಿಕೆ ಇಡಬೇಕಂತೆ!

ಒಣಗಿಸಿದವುಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸಿ ಇವರ ಯಂತ್ರಕ್ಕೆ ಹಾಕಿಕೊಟ್ಟರು. ಅಬ್ಬಾ, ಆ ದಿನಗಳು! ಮನೆಯಲ್ಲಿ ಮತ್ತೆ ಹಳೆಯ ಗಲಾಟೆ. ಸಾರಿಗೆ ಉಪ್ಪು ಕಡಿಮೆ ಎಂದು ಏರುದನಿಯಲ್ಲಿ ಕೂಗಿದರು, ನಾನು ಅದಕ್ಕಿಂತ ಏರುದನಿಯಲ್ಲಿ, ಬೇಕಿದ್ದರೆ ಹಾಕಿಕೊಳ್ಳಿ ಎಂದೆ. ಇಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ ಉಪ್ಪು ಹಾಕಿಕೊಳ್ಳುವುದೇ ಮರೆತುಹೋಯಿತು. ಸದ್ಯ, ಅಜ್ಜಿಯ ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಕಾಡುಗೋಡಿ ಸಂತೆಬೀದಿಯಲ್ಲಿ ಬೀನ್ಸ್ ಕೊಳ್ಳುವಾಗ ಅದು ಕೈಕೊಟ್ಟಿತು. ಗುಂಡಿ ಸಡಿಲ ಬಿಟ್ಟರೂ ದನಿ ಕೆಳಗಿಳಿಯಲಿಲ್ಲ, ತುತ್ತತುದಿಯಲ್ಲೇ ಸಿಕ್ಕಿಕೊಂಡಿತು. “ಅರ್ಧ ಕೆಜಿ ಕೊಡಮ್ಮ” ಎಂದದ್ದು ಬೊಬ್ಬೆಯಾಗಿ ಬಂತು. “ಇಲ್ಲ ಇಲ್ಲ, ಯಂತ್ರ ಕೆಟ್ಟಿದೆ” ಎಂದದ್ದೂ ಬೊಬ್ಬೆಯಾಗಿಯೇ ಬಂತು. ತರಕಾರಿಯಾಕೆ ಬೆದರಿ, “ಯಾಕ್ ಸಾರ್ ಇಂಗ್ ಕೂಗಾಡ್ತೀರಾ? ನಾನೇನ್ ಅಂದೆ ಈಗ?” ಎಂದಳು. ಅಕ್ಕಪಕ್ಕದವರು ಬಂದು ಸೇರಿದರು. ಒಬ್ಬ, “ವಯಸ್ಸಾಗಿದೆ, ಹೆಂಗಸರ ಹತ್ರ ಹಿಂಗಾ ಮಾತಾಡೋದು?” ಎಂದು ಎದೆಗೆ ಎದೆ ಕೊಟ್ಟು ನಿಂತ. ಇವರು ಯಂತ್ರ ಆರಿಸಿ, ಎರಡೂ ಕೈ ಜೋಡಿಸಿ, ಆಕೆಗೆ ನಮಸ್ಕಾರ ಮಾಡಿದರು. ನಾನು ಜನರ ಮೇಲೆ ಹರಿಹಾಯ್ದು ಇವರನ್ನು ಆಟೋಗೆ ಹತ್ತಿಸಿಕೊಂಡು ಬಂದೆ. ನನ್ನ ಗಂಡ ಜನ್ಮದಲ್ಲಿ ಯಾರ ಮುಂದೆಯೂ ಹಾಗೆ ಕೈ ಜೋಡಿಸಿ ನಿಂತಿದ್ದನ್ನು ನಾನು ಕಂಡಿರಲಿಲ್ಲ.

ಅದಾದ ಮೇಲೆ ಸಾರ್ ಆ ಸೆನ್ಸರುಗಳನ್ನು ಯಾರಿಗೂ ಹಾಕಲಿಲ್ಲ. ಇವರೇ ಕೇಳಿಕೊಂಡರು, ಏರಿಳಿತ ಬೇಡ, ಒಂದೇ ಸಮನೆಯದೇ ಇರಲಿ, ಜನ ಹೆದರಬಾರದು ಅಷ್ಟೇ, ಎಂದು. ಗುಂಡಿಯ ಬದಲು ಒಂದು ಸ್ವಿಚ್ಚು ಬಂತು. ಒತ್ತಿದರೆ ಗುಂಯ್, ಬಿಟ್ಟರೆ ಇಲ್ಲ. ಹೊಸ ಯಂತ್ರ ಮಾಡುತ್ತೇನೆ ಎಂದು ಸಾರ್ ಈಗಲೂ ಹೇಳುತ್ತಾರೆ, ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಮನೆಯಲ್ಲಿ ನಮ್ಮ ಜಗಳ ನಿಂತಿತು. ಒಂದೇ ದನಿಯಲ್ಲಿ ಯಾರಿಗೆ ಜಗಳವಾಡಲು ಆಗುತ್ತದೆ? ಅವರು ಬರಬರುತ್ತ ಬೇಕಾದ್ದನ್ನು ಮಾತ್ರ ಹೇಳತೊಡಗಿದರು. ನೀರು. ಮಾತ್ರೆ. ಫ್ಯಾನು. ಪಾಲಿಸಿಯ ಹಳೇ ಗಿರಾಕಿಗಳು ಫೋನ್ ಮಾಡಿದರೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು.

ಕಳೆದ ಆಯುಧಪೂಜೆಗೆ ಅವರನ್ನು ಬಲವಂತ ಮಾಡಿ ಶೆಡ್ಡಿಗೆ ಕರೆದುಕೊಂಡು ಹೋದೆ. ಅಜ್ಜಿ ಬಹಳ ದಿನದಿಂದ ಕೇಳುತ್ತಿದ್ದಳು. ಪೂಜೆ ಮುಗಿದು ಕಡ್ಲೆಪುರಿ ಹಂಚುತ್ತಿದ್ದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಇವರು ಬಂದಿದ್ದಾರೆ ಎಂದು ಹೇಳಿದ ಕೂಡಲೇ ಕೈ ಚಾಚಿ ತಡಕಾಡಿ ಇವರ ಮೊಣಕೈ ಹಿಡಿದಳು.

“ಎಂಗಿದೀಯಪ್ಪಾ?”

“ಚೆನ್ನಾಗಿದೀನಿ ಅಜ್ಜಿ” ಎಂದರು.

ಆಕೆಯ ಕೈ ಅಲ್ಲೇ ನಿಂತಿತು. ಮುಖ ಎತ್ತಿ, ಮಂಜುಗಣ್ಣಿನಲ್ಲಿ ಇವರಿದ್ದ ಕಡೆ ನೋಡಿದಳು.

“ಯಾಕಪ್ಪಾ ಇಂಗ್ ಮಾತಾಡ್ತೀಯಾ? ನನ್ ಮ್ಯಾಲೆ ಕ್ವಾಪವಾ?”

“ಇಲ್ಲ ಅಜ್ಜಿ.”

“ಕ್ವಾಪ ಇಲ್ದಿದ್ರೆ ಇಂಗ್ಯಾಕೆ? ನಾನೇನ್ ಮಾಡ್ದೆ ಯೋಳು.”

“ಏನೂ ಇಲ್ಲ ಅಜ್ಜಿ. ಕೋಪ ಇಲ್ಲ.”

ಇವರು ನಗುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿತ್ತು, ಮುಖವೆಲ್ಲ ನಗುವಾಗಿ, ಕಣ್ಣು ಕಿರಿದಾಗಿ ಆಕೆಯ ಕಡೆ ಬಗ್ಗಿದ್ದರು. ಹೆಬ್ಬೆರಳಿನಿಂದ ಸ್ವಿಚ್ಚನ್ನು ಅದುಮುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಬಲವಾಗಿ ಅದುಮುತ್ತಿದ್ದರು. ಉಗುರು ಬೆಳ್ಳಗಾಗಿತ್ತು. ಅಜ್ಜಿಗೆ ಅದು ಯಾವುದೂ ಕಾಣಲಿಲ್ಲ. ಕೇಳಿದ್ದು ಮಾತ್ರ ಆ ದನಿ, ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ. “ಕೋಪ ಇಲ್ಲ” ಎಂದು ಇನ್ನೊಂದು ಸಲ ಹೇಳಿದರು. ಅಜ್ಜಿ ಹಿಡಿದ ಮೊಣಕೈಯನ್ನು ಬಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, ನಾನಿದ್ದ ಕಡೆ ತಿರುಗಿದಳು.

“ನೀನಾದ್ರೂ ಯೋಳವ್ವ. ನಾನೇನ್ ತೆಪ್ ಮಾಡ್ದೆ?”

ಮೆಟ್ರೋದಲ್ಲಿ ಹೋಗುತ್ತ ಬರುತ್ತ ಆಕೆಗೆ ಹೇಳಬೇಕೆಂದು ನಾನು ಬಾಯಿಪಾಠ ಮಾಡಿಕೊಂಡದ್ದೆಲ್ಲ ನಾಲಿಗೆ ತುದಿಯಲ್ಲಿತ್ತು. ಇವರು ಒಮ್ಮೆ ನನ್ನ ಮುಖ ನೋಡಿದರು.

“ಅಯ್ಯೋ, ಇಲ್ಲಜ್ಜಿ!” ಎಂದೆ. ಎಲ್ಲಿಂದ ಬಂತೋ, ಜೇನಿನಂಥ ದನಿ ಬಂತು. “ನಿಮ್ ಮೇಲೆ ಅವ್ರಿಗ್ಯಾಕೆ ಕೋಪ? ಗಂಟ್ಲು ಸ್ವಲ್ಪ ಸರಿಯಿಲ್ಲ ಅಷ್ಟೇ. ನಮಗ್ಯಾರಿಗೂ ನಿಮ್ ಮೇಲೆ ಕೋಪ ಇಲ್ಲ.”

ಅಜ್ಜಿ ನನ್ನ ಮುಖ ಹುಡುಕಿ ಕೆನ್ನೆ ಸವರಿದಳು.

“ನಿನ್ ದನಿ ಕೇಳಿದ್ರೆ ಗೊತ್ತಾಯ್ತೈತೆ ಬುಡವ್ವ” ಎಂದಳು. ಆಮೇಲೆ, ಇವರಿಗೆ ಕೇಳಿಸಬಾರದೆಂದು ನನ್ನ ಕಿವಿಯ ಹತ್ತಿರ, “ಅವ್ನಿಗೆ ಐತೆ ಕಣವ್ವ ಕ್ವಾಪ. ನೀನ್ ಮುಚ್ಚಿಡ್ಬ್ಯಾಡ. ನೀನ್ ಒಳ್ಳೇಳು” ಎಂದಳು.

ಅಷ್ಟು ಹತ್ತಿರ ನಿಂತಿದ್ದ ಇವರಿಗೆ ಅದು ಕೇಳಿಸದೆ ಇರಲಿಲ್ಲ. ಯಂತ್ರವನ್ನು ಜೇಬಿಗೆ ಹಾಕಿಕೊಂಡು, ಗೇಟಿನ ಹೊರಗೆ ಹೋಗಿ ನಿಂತರು.